ಒತ್ತು

ಪೆಟ್ಟಿಗೆಗೆ ಮೊಳೆ ಹೊಡೆಯುವ ಮೊದಲು ಹುಲ್ಲಕ್ಕ ಅದನ್ನು ಎರಡೂ ಕೈಯಲ್ಲಿ ಎತ್ತಿ, ಕಿವಿಯ ಹತ್ತಿರ ಹಿಡಿದು ಒಮ್ಮೆ ಅಲ್ಲಾಡಿಸುತ್ತಿದ್ದಳು. ದೊಡ್ಡ ಪೆಟ್ಟಿಗೆಯಾದರೆ ತಾನೇ ಮಂಡಿಯೂರಿ, ಹಲಗೆಗೆ ಕಿವಿ ಹಚ್ಚಿ, ಪಕ್ಕಕ್ಕೆ ಅಂಗೈಯಿಂದ ತಟ್ಟುತ್ತಿದ್ದಳು. ಒಳಗಿಂದ ಸಣ್ಣ ಸದ್ದು ಬಂದರೂ ಸಾಕು, ಕಟ್ಟಿದ್ದನ್ನೆಲ್ಲ ಬಿಚ್ಚಿ ಮೊದಲಿಂದ ಶುರು. ಏನೂ ಕೇಳಿಸದಿದ್ದರೆ, ತುಟಿಯಲ್ಲಿ ಕಚ್ಚಿಕೊಂಡಿದ್ದ ಮೊಳೆ ಕೈಗೆ ಬರುತ್ತಿತ್ತು. ಗಾಜಿನ ಕಾರ್ಖಾನೆಯ ಪ್ಯಾಕಿಂಗ್ ಕೋಣೆಯಲ್ಲಿ ಇಪ್ಪತ್ತಾರು ವರ್ಷದಿಂದ ಅವಳ ಕೆಲಸ ಇದೇ. ದೀಪದ ಬುರುಡೆಗಳು, ಶೀಶೆಗಳು, ಹೂಜಿಗಳು ಹುಲ್ಲಿನಲ್ಲಿ ಮಲಗಿ ಸದ್ದಿಲ್ಲದೆ ಊರು ಬಿಡುವಂತೆ ನೋಡಿಕೊಳ್ಳುವುದು.

ಆ ಹೆಸರು ಇಟ್ಟವನು ತಮ್ಮ. ಕೆಲಸಕ್ಕೆ ಸೇರಿದ ಮೊದಲ ದಿನ ತಲೆ ತುಂಬ ಹುಲ್ಲಿನ ಎಸಳು ಅಂಟಿಸಿಕೊಂಡು ಮನೆಗೆ ಬಂದವಳನ್ನು ಕಂಡು, ಆಗಿನ್ನೂ ಶಾಲೆಗೆ ಹೋಗುತ್ತಿದ್ದವನು, ಹುಲ್ಲಕ್ಕ ಬಂದಳು, ಬೀದಿಯ ಹಸುಗಳನ್ನೆಲ್ಲ ಯಾರಾದರೂ ಕಟ್ಟಿಹಾಕಿ ಎಂದು ಕೂಗಿದ್ದ. ಆಮೇಲೆ ಅವಳ ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿಯಿತು. ಅವನಿಗೆ ಊರು ಇಟ್ಟ ಹೆಸರು ರೇಡಿಯೋ. ಬೆಳಿಗ್ಗೆ ಎದ್ದಾಗ ಹಚ್ಚಿದ ಬಾಯಿ ಮಲಗುವಾಗಲೇ ಆರುತ್ತಿದ್ದುದು. ಅಂಗಡಿಗಳಿಗೆ ಬೋರ್ಡು ಬರೆಯುವುದು ಅವನ ಕಸುಬು. ಏಣಿಯ ಮೇಲೆ ನಿಂತು, ಬಲಗೈಯಲ್ಲಿ ಬ್ರಷ್ ಹಿಡಿದು, ಕೆಳಗೆ ಹೋಗುವವರೆಲ್ಲರ ಯೋಗಕ್ಷೇಮ ವಿಚಾರಿಸುತ್ತ, ಒಂದಕ್ಕೆರಡು ಸೇರಿಸಿ ಬುರುಡೆ ಬಿಡುತ್ತ, ಅಷ್ಟರ ನಡುವೆಯೂ ಒಂದು ಅಕ್ಷರ ಸೊಟ್ಟಗಾಗಲು ಬಿಡುತ್ತಿರಲಿಲ್ಲ.

ಅಕ್ಷರದ ವಿಷಯದಲ್ಲಿ ಮಾತ್ರ ಅವನು ಹಠಮಾರಿ. ಒಮ್ಮೆ ಅಕ್ಕನಿಗೆ ಊಟದ ಡಬ್ಬಿ ಕೊಡಲು ಕಾರ್ಖಾನೆಗೆ ಹೋದವನು, ಲಾರಿಗೆ ಏರಲು ನಿಂತ ನಲವತ್ತು ಪೆಟ್ಟಿಗೆಗಳ ಮೇಲೆ ‘ಎತುವಾಗ ಜೋಕೆ’ ಎಂದಿದ್ದುದನ್ನು ನೋಡಿಬಿಟ್ಟ. “ಒತ್ತು ಎಲ್ಲೇ, ಹುಲ್ಲಕ್ಕ?” ಎಂದ. ಆಫೀಸಿನಿಂದ ಬಂದ ಚೀಟಿಯಲ್ಲಿ ಹಾಗೇ ಇತ್ತು, ಇದ್ದದ್ದನ್ನು ಇದ್ದ ಹಾಗೆ ಇಳಿಸುವುದಷ್ಟೇ ತನ್ನ ಕೆಲಸ, ತಿದ್ದುವುದಲ್ಲ ಎಂದಳು ಅವಳು. ಅದು ನಿಜವೂ ಹೌದು. ಆ ಕೋಣೆಯಲ್ಲಿ ಚೀಟಿಯ ಒಂದು ಗೆರೆ ಬದಲಾಯಿಸಿದರೂ ಸಾಮಾನು ಬೇರೆ ಊರಿಗೆ ಹೋಗಿಬಿಡುತ್ತದೆ. ಅವನು ಕೇಳಲಿಲ್ಲ. ಡ್ರೈವರನ್ನು ಮಾತಿನಲ್ಲೇ ಕಟ್ಟಿಹಾಕಿ, ನಲವತ್ತು ಪೆಟ್ಟಿಗೆಗೂ ಒಂದೊಂದಾಗಿ ಒತ್ತು ಹಾಕಿಯೇ ಲಾರಿ ಬಿಟ್ಟಿದ್ದ. ಅಂದಿನಿಂದ ಅವಳು ಏನು ಬರೆದರೂ, ಬರೆಯದಿದ್ದರೂ, ಎದುರಾದಾಗಲೆಲ್ಲ ಅವನ ಮೊದಲ ಮಾತು ಒಂದೇ. ಒತ್ತು ಎಲ್ಲೇ, ಹುಲ್ಲಕ್ಕ?

ಅಂಥವನು ಔಷಧಿ ಅಂಗಡಿಯ ಬೋರ್ಡು ಬರೆಯುತ್ತಿದ್ದಾಗ ಕೆಳಗಿಂದ ಯಾರೋ ಏನೋ ಕೇಳಿದರು. ಉತ್ತರ ಹೇಳಲು ತಿರುಗಿದ. ಏಣಿ ಜಾರಿತು.

ಆಸ್ಪತ್ರೆಯಲ್ಲಿ ಆಪರೇಷನ್ ಮಾಡಿದ ಡಾಕ್ಟರಮ್ಮ ಹೊರಗೆ ಬಂದು, ಬೆಂಚಿನ ಮೇಲಿದ್ದ ಇಬ್ಬರನ್ನೂ ನೋಡಿದರು. ಒಬ್ಬಳು ಹೆಂಡತಿ, ಮಕ್ಕಳಿಗೆ ಅಕ್ಷರ ಕಲಿಸುವ ಟೀಚರು, ಸೀರೆಯ ಮೇಲೆ ಇನ್ನೂ ಸೀಮೆಸುಣ್ಣದ ಪುಡಿ. ಇನ್ನೊಬ್ಬಳು ಹುಲ್ಲಕ್ಕ. ಮಿದುಳು ಊದಿದೆ ಎಂದರು ಡಾಕ್ಟರಮ್ಮ. ಊದಿದ್ದಕ್ಕೆ ಜಾಗ ಬೇಕು, ಬುರುಡೆ ಜಾಗ ಕೊಡುವುದಿಲ್ಲ, ಹಾಗಾಗಿ ಎಡಗಡೆ ಅಂಗೈ ಅಗಲದ ಮೂಳೆ ತೆಗೆದಿದ್ದೇವೆ.

“ತೆಗೆದಿದ್ದು ಎಲ್ಲಿದೆ?” ಎಂದು ಕೇಳಿದಳು ಹುಲ್ಲಕ್ಕ.

“ಅವರ ಹೊಟ್ಟೆಯಲ್ಲೇ. ಚರ್ಮದ ಕೆಳಗೆ ಇಟ್ಟು ಹೊಲಿದಿದ್ದೀವಿ. ಊತ ಪೂರ್ತಿ ಇಳಿದ ಮೇಲೆ ವಾಪಸ್ ಕೂರಿಸ್ತೀವಿ. ಅಲ್ಲಿಯವರೆಗೆ ಅವರ ಮೈಯೇ ಅದನ್ನ ಕಾಪಾಡುತ್ತೆ.”

ಹುಲ್ಲಕ್ಕ ಅದನ್ನು ಸ್ವಲ್ಪ ಹೊತ್ತು ಮನಸ್ಸಿನಲ್ಲಿ ತಿರುಗಿಸಿ ನೋಡಿದಳು. ಮುಚ್ಚಳವನ್ನು ಅದೇ ಪೆಟ್ಟಿಗೆಯ ಇನ್ನೊಂದು ಖಾನೆಯಲ್ಲಿ ಇಟ್ಟಿದ್ದಾರೆ. ಬುದ್ಧಿವಂತರೇ.

ನೀವೇನು ಕೆಲಸ ಮಾಡುತ್ತೀರಿ ಎಂದು ಡಾಕ್ಟರಮ್ಮ ಕೇಳಿದ್ದು ಮರುದಿನ, ಗಾಜಿನ ಕಿಟಕಿಯಾಚೆ ತಮ್ಮನನ್ನು ನೋಡುತ್ತ ನಿಂತಿದ್ದಾಗ. ಗಾಜು ಪ್ಯಾಕ್ ಮಾಡುತ್ತೇನೆ ಎಂದಳು. ಹಾಗಾದರೆ ನಿಮಗೆ ಬೇಗ ಅರ್ಥವಾಗುತ್ತದೆ ಎಂದು ಆಕೆ ಗೋಡೆಗೆ ಒರಗಿ ಹೇಳತೊಡಗಿದರು. ಮಿದುಳಿಗೆ ಮೂರು ಸುತ್ತು ಹೊದಿಕೆ. ಹೊರಗಿನದು ತೊಗಲಿನಂತೆ ದಪ್ಪ, ನಡುವಿನದು ಜೇಡರ ಬಲೆಯಂತೆ, ಒಳಗಿನದು ಮಡಿಕೆ ಮಡಿಕೆಗೂ ಅಂಟಿ ಇಳಿಯುವ ತೆಳ್ಳನೆಯದು. ನಡುವೆ ನೀರು. ಒಂದೂವರೆ ಕಿಲೋ ತೂಕದ ಮಿದುಳು ಆ ನೀರಿನಲ್ಲಿ ತೇಲುವಾಗ ಒಂದು ಕೋಳಿಮೊಟ್ಟೆಯಷ್ಟೇ ಭಾರ. ಆ ನೀರೂ ಹಳತಾಗಲು ಬಿಡದೆ, ದಿನಕ್ಕೆ ಮೂರು ನಾಲ್ಕು ಸಲ ಮೈ ಹೊಸದನ್ನು ತುಂಬುತ್ತದೆ. ಇನ್ನು ಊಟ. ಹೃದಯ ತಳ್ಳುವ ರಕ್ತದಲ್ಲಿ ಹೆಚ್ಚುಕಡಿಮೆ ಐದರಲ್ಲಿ ಒಂದು ಪಾಲು ಮೇಲಕ್ಕೇ ಹೋಗಬೇಕು, ಏಕೆಂದರೆ ನಾಳೆಗೆಂದು ಕೂಡಿಡಲು ಮಿದುಳಿಗೆ ಉಗ್ರಾಣವಿಲ್ಲ. ಕೆಲವು ನಿಮಿಷ ರಕ್ತ ತಪ್ಪಿದರೆ ಮುಗಿಯಿತು.

“ಇಷ್ಟೆಲ್ಲ ಕೆಲಸ ಮಾಡಿಸಿಕೊಳ್ಳೋ ಆಸಾಮಿಗೆ ತನಗೆ ನೋವಾದ್ರೆ ಗೊತ್ತೇ ಆಗಲ್ಲ,” ಎಂದರು ಡಾಕ್ಟರಮ್ಮ. “ಮಿದುಳು ಕೂಗಿಕೊಳ್ಳಲ್ಲ. ಸುತ್ತಲಿನವರು ನೋಡಿ ತಿಳ್ಕೋಬೇಕು.”

ಆ ಮಾತು ಹುಲ್ಲಕ್ಕನ ಕಿವಿಗೆ ಬಿತ್ತು, ಆದರೆ ಒಳಗೆ ಇಳಿಯಲಿಲ್ಲ. ಅವಳು ಆಗ ದಿನಕ್ಕೆ ಮೂರು ಸಲ ಹೊಸ ಹುಲ್ಲು ಬದಲಾಯಿಸುವ ಪೆಟ್ಟಿಗೆಯೊಂದನ್ನು ಕಣ್ಣ ಮುಂದೆ ತಂದುಕೊಳ್ಳುತ್ತಿದ್ದಳು.

ಬ್ಯಾಂಡೇಜಿನ ಎಡಭಾಗದಲ್ಲಿ ನರ್ಸ್ ದಪ್ಪ ಪೆನ್ನಿನಿಂದ ಬರೆದಿದ್ದಳು: ‘ಮೂಳೆ ಇಲ’. ಹೊರಳಿಸುವವರು, ತೊಳೆಯುವವರು ಆ ಕಡೆ ಕೈ ಊರಬಾರದೆಂಬ ಎಚ್ಚರಿಕೆ. ಅವಸರದ ಕೈ, ಕೊನೆಯ ಅಕ್ಷರಕ್ಕೆ ಒತ್ತು ಹಾಕುವ ಪುರುಸೊತ್ತು ಅದಕ್ಕಿರಲಿಲ್ಲ. ಪ್ರತಿ ಸಲ ಬ್ಯಾಂಡೇಜು ಬದಲಾದಾಗಲೂ ಅದೇ ಕೈ ಅದನ್ನೇ ಬರೆಯಿತು. ಹುಲ್ಲಕ್ಕನ ಕಣ್ಣಿಗೆ ಅದು ಬೀಳಲಿಲ್ಲ. ಅರ್ಥ ತಿಳಿದ ಮೇಲೆ ಅಕ್ಷರವನ್ನು ಯಾರು ನೋಡುತ್ತಾರೆ, ಅವನೊಬ್ಬನನ್ನು ಬಿಟ್ಟು.

ಮೂರನೆಯ ವಾರ ರೇಡಿಯೋ ಕಣ್ಣು ಬಿಟ್ಟು, ಗಂಜಿ ಕುಡಿದು, ಬಾಯಿ ತೆರೆದ. ಬಂದದ್ದು ಒಂದೇ ಪದ.

“ಏಣಿ.”

ನೀರು ಬೇಕಾದರೆ ಏಣಿ. ಹೆಂಡತಿಯನ್ನು ಕರೆಯಲು ಏಣಿ. ಕಿಟಕಿ ಮುಚ್ಚಿ ಎನ್ನುವುದಕ್ಕೂ, ನೋವು ಎನ್ನುವುದಕ್ಕೂ, ಬೇಡ ಎನ್ನುವುದಕ್ಕೂ ಅದೇ, ರಾಗ ಮಾತ್ರ ಬೇರೆ. ಮಾತಿನ ಜಾಗ ಎಡಗಡೆಯೇ ಇರುವುದು, ಅಲ್ಲೇ ಪೆಟ್ಟಾಗಿದೆ, ಬಲಗೈ ಸೋತಿರುವುದೂ ಅದಕ್ಕೇ ಎಂದರು ಡಾಕ್ಟರಮ್ಮ. ಉಳಿದ ಪದಗಳು ಬರುತ್ತವೆಯೇ ಎಂದು ಹೆಂಡತಿ ಕೇಳಿದಾಗ, ಬರಬಹುದು, ಊತ ಹೇಗೆ ಇಳಿಯುತ್ತದೋ ಹಾಗೆ ಎಂದರು. ಬ್ಯಾಂಡೇಜು ಬಿಚ್ಚಿ ಮನೆಗೆ ಕಳಿಸುವಾಗ, ತಲೆ ಎತ್ತರದಲ್ಲಿರಲಿ, ಎಡಕ್ಕೆ ಮಗ್ಗುಲಾಗುವುದು ಬೇಡ, ತಲೆಗೆ ಟೊಪ್ಪಿಯನ್ನು ಮುಂದೆ ನಾವೇ ಕೊಡುತ್ತೇವೆ ಎಂದು ಹೇಳಿ, ಕೊನೆಗೆ ಬಾಗಿಲವರೆಗೂ ಬಂದರು.

“ಆ ಜಾಗದ ಮೇಲೆ ಒತ್ತು ಬೀಳಬಾರದು. ಬೇರೆಲ್ಲ ಮರೆತರೂ ಇದೊಂದು ನೆನಪಿಟ್ಕೊಳ್ಳಿ.”

ಹುಲ್ಲಕ್ಕ ಕಾರ್ಖಾನೆಗೆ ಒಂದು ತಿಂಗಳ ರಜೆ ಬರೆದುಕೊಟ್ಟಳು. ಹೆಂಡತಿ ಶಾಲೆಗೆ ಹೋದಾಗ ಬೆಳಿಗ್ಗೆಯಿಂದ ಮೂರು ಗಂಟೆಯವರೆಗೆ ಇವಳ ಪಾಳಿ. ಅವರ ಮನೆ ಎರಡೇ ಕೋಣೆ. ಹಳೆಯ ಬೋರ್ಡುಗಳೇ ಅಟ್ಟ, ಬೋರ್ಡುಗಳೇ ಬೀರುವಿನ ಬಾಗಿಲು. ಸ್ನಾನದ ಕೋಣೆಯ ಕದದ ಮೇಲೆ ‘ಒಳಗೆ ಬನ್ನಿ, ಉತ್ತಮ ಸೇವೆ’ ಎಂದಿತ್ತು. ಮೂಲೆಯಲ್ಲಿ ಬಣ್ಣದ ಡಬ್ಬಿಗಳು, ಟರ್ಪೆಂಟೈನ್ ವಾಸನೆ. ಆ ವಾಸನೆಗೆ ಅವನು ಮೂಗು ಅರಳಿಸಿ ಏಣಿ ಎನ್ನುತ್ತಿದ್ದ.

ಮೂರನೆಯ ದಿನ ನೀರಿನ ಲೋಟಕ್ಕೆ ಕೈ ಚಾಚಿದವನು ಆಯ ತಪ್ಪಿ ವಾಲಿದ. ಬೀರುವಿನ ಚೂಪು ಮೂಲೆಗೂ ಅವನ ತಲೆಯ ಎಡಭಾಗಕ್ಕೂ ಒಂದು ಗೇಣು ಉಳಿದಿರುವಾಗ ಹುಲ್ಲಕ್ಕ ಹಿಡಿದುಕೊಂಡಳು. ಸಂಜೆಯವರೆಗೂ ಅವಳ ಕಣ್ಣು ಆ ಮೂಲೆಯ ಕಡೆಗೇ ಹೋಗುತ್ತಿತ್ತು. ಟೊಪ್ಪಿಯನ್ನು ಆಸ್ಪತ್ರೆಯವರು ಕೊಡುವವರೆಗೆ ಕಾಯಬೇಕಂತೆ. ಗಾಜನ್ನು ಬರಿಮೈಯಲ್ಲಿ ಹೊರಗಿಟ್ಟು, ಹುಲ್ಲು ಮುಂದಿನ ತಿಂಗಳು ಬರುತ್ತದೆ ಎಂದು ಕಾಯುವವರು ಎಲ್ಲಾದರೂ ಉಂಟೇ?

ಮರುದಿನವೇ ಕೂತು ಟೊಪ್ಪಿ ಮಾಡಿದಳು. ಹೊರಗೆ ದಪ್ಪ ರಟ್ಟು, ಅದರೊಳಗೆ ಕಂಬಳಿ, ಅದರೊಳಗೆ ಹತ್ತಿ, ಚರ್ಮಕ್ಕೆ ತಾಗುವಲ್ಲಿ ಮಗುವಿನ ಅಂಗಿಯಂಥ ಹಳೆಯ ಬಟ್ಟೆ. ಮೂಳೆ ಇಲ್ಲದ ಕಡೆ ಸಹಜವಾಗಿಯೇ ಎರಡು ಪಟ್ಟು ಹತ್ತಿ ತುಂಬಿದಳು. ಗಲ್ಲದ ಕೆಳಗೆ ಲಾಡಿ. ಕಟ್ಟಿದ ಮೇಲೆ ಎರಡೂ ಕೈಯಲ್ಲಿ ಅವನ ಮುಖ ಹಿಡಿದು ಮೆಲ್ಲಗೆ ಆಚೀಚೆ ಆಡಿಸಿ ನೋಡಿದಳು. ಟೊಪ್ಪಿ ಕದಲಲಿಲ್ಲ. ಅವನು ಏಣಿ, ಏಣಿ ಎಂದು ಲಾಡಿಗೆ ಕೈ ಹಾಕಿದ. ಅವಳು ಕೈ ತೆಗೆಸಿ, ಚಿಕ್ಕಂದಿನಲ್ಲಿ ಸ್ವೆಟರ್ ಹಾಕಿಸುವಾಗಲೂ ನೀನು ಹೀಗೇ ರಂಪ ಮಾಡುತ್ತಿದ್ದೆ ಎಂದು ಗದರಿದಳು.

ಆ ಮಧ್ಯಾಹ್ನ ಅವನು ಹೆಚ್ಚು ಮಾತಾಡಲಿಲ್ಲ. ಮರುದಿನ ಇನ್ನೂ ಕಡಿಮೆ. ತಿಂದ, ಮಲಗಿದ, ಎಬ್ಬಿಸಿದರೆ ಕಣ್ಣು ಬಿಟ್ಟ, ಮತ್ತೆ ಮಲಗಿದ. ಹುಲ್ಲಕ್ಕ ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತಳು. ಅವನು ಬಿದ್ದ ಮೇಲೆ ಮೊದಲ ಸಲ ಅವಳ ಹೆಗಲು ಸಡಿಲವಾಯಿತು. ಹಾಸಿಗೆಯ ಕಡೆಯಿಂದ ಯಾವ ಸದ್ದೂ ಇಲ್ಲ. ಇಪ್ಪತ್ತಾರು ವರ್ಷ ಕಿವಿ ಅದನ್ನೇ ಹುಡುಕಿತ್ತು. ಸಿಕ್ಕಿದಾಗ ಸಂತೋಷಪಟ್ಟಿತು.

ಇವತ್ತು ಏನಾದರೂ ಹೇಳಿದರೇ ಎಂದು ಶಾಲೆಯಿಂದ ಬಂದ ಹೆಂಡತಿ ಕೇಳಿದರೆ, ಇಲ್ಲಮ್ಮ, ಹಾಯಾಗಿ ನಿದ್ದೆ ಮಾಡುತ್ತಿದ್ದಾನೆ ಎನ್ನುತ್ತಿದ್ದಳು. ಹೆಂಡತಿಯೂ ಚಪ್ಪಲಿ ಸದ್ದು ಮಾಡದೆ ಒಳಗೆ ಹೋಗುತ್ತಿದ್ದಳು.

ಟೊಪ್ಪಿ ಹಾಕಿದ ಮೂರನೆಯ ದಿನ ಮಧ್ಯಾಹ್ನ ಅವನು ಕುಡಿದ ಗಂಜಿಯನ್ನೆಲ್ಲ ವಾಂತಿ ಮಾಡಿಕೊಂಡ. ಆಗಷ್ಟೇ ಮನೆಗೆ ಬಂದ ಹೆಂಡತಿ ಹೆಗಲು ಹಿಡಿದು ಅಲ್ಲಾಡಿಸಿದಳು, ಹೆಸರು ಹಿಡಿದು ಕೂಗಿದಳು. ಕಣ್ಣು ಅರ್ಧ ತೆರೆದು, ಯಾರನ್ನೂ ನೋಡದೆ, ಮುಚ್ಚಿಕೊಂಡಿತು. ಹುಲ್ಲಕ್ಕ ಲಾಡಿ ಬಿಚ್ಚಿ ಟೊಪ್ಪಿ ತೆಗೆದಳು. ಎಡಭಾಗದ ಚರ್ಮದ ಮೇಲೆ ಹಳೆಯ ಬಟ್ಟೆಯ ನೇಯ್ಗೆ ಎಳೆ ಎಳೆಯಾಗಿ ಅಚ್ಚಾಗಿತ್ತು. ಮೆತ್ತಗಿರಬೇಕಾದ ಜಾಗ ಬೆರಳಿಗೆ ಬಿಗಿಯಾಗಿ ಸಿಕ್ಕಿತು.

“ಟೊಪ್ಪಿ ಬಿಗಿ ಇತ್ತಾ, ಅತ್ತಿಗೆ?”

“ಬಿಗಿಯಾಗೇ ಇರಬೇಕಲ್ಲಮ್ಮ, ಇಲ್ಲದಿದ್ರೆ ಒಳಗಿರೋದು...” ಎಂದವಳು ಅಲ್ಲಿಗೇ ನಿಂತಳು.

ಆಸ್ಪತ್ರೆಯಲ್ಲಿ ಅವನನ್ನು ಒಳಗೆ ಒಯ್ದು, ಫೋಟೋ ತೆಗೆದು, ಸೂಜಿ ಚುಚ್ಚಿ, ಮತ್ತೆ ಅದೇ ಬರಹದ ಬ್ಯಾಂಡೇಜು ಸುತ್ತಿ, ತಲೆ ಎತ್ತರಿಸಿ ಮಲಗಿಸಿದರು. ಹೊಸ ರಕ್ತಸ್ರಾವ ಇಲ್ಲ, ಊತ ಮತ್ತೆ ಏರಿದೆ, ಕಾದು ನೋಡಬೇಕು ಎಂದರು ಡಾಕ್ಟರಮ್ಮ. ಆಮೇಲೆ ಹುಲ್ಲಕ್ಕನ ಮಡಿಲಲ್ಲಿದ್ದ ಟೊಪ್ಪಿಯನ್ನು ಕೈಗೆ ತೆಗೆದುಕೊಂಡು, ಒಳಗೆ ಬೆರಳಾಡಿಸಿದರು. ಹತ್ತಿ ಹೆಚ್ಚಿದ್ದಲ್ಲಿ ಬೆರಳು ನಿಂತಿತು.

“ಇದನ್ನ ಮಾಡಿದ್ದು ಯಾರು?”

“ನಾನೇ.”

“ಹೊರಗಿನ ಏಟಿಗೆ ಸೊಗಸಾಗಿದೆ. ಒಳಗಿಂದ ಬರೋದಕ್ಕೆ ಎಲ್ಲಿ ಜಾಗ ಬಿಟ್ರಿ? ನಾವು ಬಾಗಿಲು ತೆಗೆದಿಟ್ವಿ, ನೀವು ಬಂದು ಅಗುಳಿ ಹಾಕಿದ್ರಿ.” ಟೊಪ್ಪಿಯಿಂದ ಬೆರಳು ತೆಗೆದು, ಒತ್ತು ಬೀಳಬಾರದು ಅಂದಿದ್ದೆನಲ್ಲ ಎಂದರು.

“ಬೀಳಬಾರದು ಅಂತಾನೇ ಮಾಡಿದ್ದು,” ಎಂದಳು ಹುಲ್ಲಕ್ಕ.

ಡಾಕ್ಟರಮ್ಮ ಟೊಪ್ಪಿಯನ್ನು ಮೆಲ್ಲಗೆ ಅವಳ ಮಡಿಲಿಗೇ ಇಟ್ಟು ಹೋದರು.

ಎರಡು ದಿನ ಆ ಮೊಗಸಾಲೆಯ ಬೆಂಚಿನಲ್ಲಿ ನಾದಿನಿಯೂ ಅತ್ತಿಗೆಯೂ ಪಕ್ಕಪಕ್ಕ ಕೂತರು. ಹೆಂಡತಿ ಬೈಯಲಿಲ್ಲ. ಬೈದಿದ್ದರೆ ಆಗುತ್ತಿತ್ತು. ಫ್ಲಾಸ್ಕಿನಿಂದ ಟೀ ಬಗ್ಗಿಸಿ, ಸಕ್ಕರೆ ಸಾಕೇ ಎಂದು ಕೇಳಿ ಕೊಡುತ್ತಿದ್ದಳು. ಹುಲ್ಲಕ್ಕ ಟೊಪ್ಪಿಯ ಹೊಲಿಗೆಯನ್ನು ಒಂದೊಂದಾಗಿ ಉಗುರಿನಿಂದ ಬಿಚ್ಚುತ್ತಿದ್ದಳು. ಮಿದುಳು ಕೂಗಿಕೊಳ್ಳುವುದಿಲ್ಲ, ನೋಡಿ ತಿಳಿಯಬೇಕು ಎಂದಿದ್ದರಲ್ಲ. ಅವನು ಕೂಗಿಕೊಂಡಿದ್ದ. ಲಾಡಿಗೆ ಕೈ ಹಾಕಿ ಎರಡು ಸಲ ಏಣಿ ಎಂದಿದ್ದ. ಅವನ ಬಳಿ ಇದ್ದದ್ದೇ ಆ ಒಂದು ಪದ, ಅದನ್ನು ಖರ್ಚು ಮಾಡಿ ಹೇಳಿದ್ದ. ಅವಳು ಸ್ವೆಟರಿನ ಕತೆ ಹೇಳಿದ್ದಳು.

ಎರಡನೆಯ ದಿನ ಸಂಜೆ ಹೆಂಡತಿ ತಾನಾಗಿಯೇ ಬಾಯಿ ಬಿಟ್ಟಳು.

“ಆ ಎರಡು ದಿನ ನನಗೂ ನೆಮ್ಮದಿ ಆಗಿತ್ತು, ಅತ್ತಿಗೆ. ಏಣಿ ಏಣಿ ಕೇಳಿ ಸಾಕಾಗಿ ಹೋಗಿತ್ತು. ಮನೆ ತಣ್ಣಗಿದೆ ಅಂತ ನಾನೂ ಬಗ್ಗಿ ನೋಡಲಿಲ್ಲ.”

ಹುಲ್ಲಕ್ಕ ಅವಳ ಕೈ ಹಿಡಿದುಕೊಂಡಳು. ಬೆರಳುಗಳ ನಡುವೆ ಸೀಮೆಸುಣ್ಣ ಒರಟಾಗಿ ತಾಗಿತು.

ಮೂರನೆಯ ದಿನ ಬೆಳಿಗ್ಗೆ ನರ್ಸ್ ಬಾಗಿಲಿನಿಂದ ತಲೆ ಹೊರಹಾಕಿ, ನಿಮ್ಮವರು ಏಣಿ ಕೇಳುತ್ತಿದ್ದಾರೆ, ನಮ್ಮ ವಾರ್ಡಿನಲ್ಲಿ ಏಣಿ ಎಲ್ಲಿಂದ ತರಲಿ ಎಂದಳು. ಇಬ್ಬರೂ ಎದ್ದರು. ಹೆಂಡತಿ ಒಳಗೆ ಓಡಿದಳು. ಹುಲ್ಲಕ್ಕ ಬಾಗಿಲವರೆಗೆ ಹೋಗಿ, ಚೌಕಟ್ಟು ಹಿಡಿದು ನಿಂತು, ಒಳಗಿಂದ ಬರುತ್ತಿದ್ದ ಆ ಪದವನ್ನು ನಾಲ್ಕೈದು ಸಲ ಕೇಳಿಸಿಕೊಂಡಳು.

ಮತ್ತೆ ಮನೆಗೆ ಕಳಿಸುವ ಹೊತ್ತಿಗೆ ಅವನು ಎದ್ದು ಕೂರುತ್ತಿದ್ದ, ಹಿಡಿದುಕೊಂಡರೆ ನಾಲ್ಕು ಹೆಜ್ಜೆ ಇಡುತ್ತಿದ್ದ. ಈಗ ಟೊಪ್ಪಿ ಬೇಕೇ ಬೇಕು ಎಂದರು ಡಾಕ್ಟರಮ್ಮ, ಆಸ್ಪತ್ರೆಯಿಂದ ಬರಲು ವಾರವಾಗುತ್ತದೆ. ಹುಲ್ಲಕ್ಕ ನೆಲ ನೋಡುತ್ತ, ತಾನೇ ಇನ್ನೊಂದು ಮಾಡಿಕೊಂಡು ಬಂದರೆ ನೋಡುತ್ತೀರಾ ಎಂದು ಕೇಳಿದಳು. ಹೆಂಡತಿ ಒಂದು ಕ್ಷಣ ಅತ್ತಿಗೆಯ ಕಡೆ ತಿರುಗಿ, ಆಮೇಲೆ ಡಾಕ್ಟರಮ್ಮನ ಕಡೆ ತಿರುಗಿ, ನೋಡಿ ಮೇಡಂ ಎಂದಳು. ಹುಲ್ಲಕ್ಕನಿಗೆ ಅದು ಸಾಕಾಯಿತು.

ಅವಳಿಗೆ ನೆನಪಾದದ್ದು ಕೆಲಸ ಕಲಿಸಿದ ಮೇಸ್ತ್ರಿ. ಬೀದಿದೀಪದ ದೊಡ್ಡ ಬುರುಡೆಗಳನ್ನು ಕಳಿಸುತ್ತಿದ್ದ ಕಾಲದಲ್ಲಿ ಆತ ಅವುಗಳ ಹೊಟ್ಟೆಗೆ ಒಂದು ಎಸಳು ಹುಲ್ಲೂ ತಾಗಲು ಬಿಡುತ್ತಿರಲಿಲ್ಲ. ಕಂಠಕ್ಕೆ ಹುಲ್ಲಿನ ಸಿಂಬಿ ಸುತ್ತಿ, ಸಿಂಬಿಯನ್ನು ಪೆಟ್ಟಿಗೆಗೆ ಬಿಗಿದು, ಉಳಿದ ಬುರುಡೆಯನ್ನು ಗಾಳಿಯಲ್ಲಿ ನಿಲ್ಲಿಸುತ್ತಿದ್ದ. ಗಟ್ಟಿ ಇರುವ ಕಡೆ ಹಿಡಿ, ತೆಳುವಾಗಿರುವ ಕಡೆ ಬಿಡು ಎನ್ನುತ್ತಿದ್ದ. ಹಾಗೆ ಸಾವಿರ ಬುರುಡೆ ಕಳಿಸಿದವಳೇ ಅವಳು. ತಮ್ಮನ ತಲೆಯ ಮುಂದೆ ಕೂತಾಗ ಒಂದೂ ನೆನಪಾಗಿರಲಿಲ್ಲ.

ಹಣೆ, ಕಿವಿಯ ಮೇಲ್ಭಾಗ, ಹಿಂದಲೆ, ಮೂಳೆ ಗಟ್ಟಿಯಿರುವ ಕಡೆಯಷ್ಟೇ ಕೂರುವಂತೆ ಬಟ್ಟೆಯ ಸಿಂಬಿ ಹೊಲಿದಳು. ಎಡಗಡೆ ಅದು ಗಾಯದ ಅಂಚನ್ನು ಬಳಸಿಕೊಂಡು ದೂರದಿಂದ ಹೋಗುತ್ತಿತ್ತು. ಅದರ ಮೇಲೆ ಬೆತ್ತದ ಗೂಡು, ಬೆತ್ತದ ಮೇಲೆ ಬಿಳಿ ಕ್ಯಾನ್ವಾಸು, ತಮ್ಮನದೇ, ಬೋರ್ಡಿಗೆಂದು ತಂದಿಟ್ಟಿದ್ದು. ಒಳಗೆ ಖಾಲಿ. ಆ ಖಾಲಿ ಬಿಡುವಾಗ ಅವಳ ಕೈ ತಾನಾಗಿಯೇ ಹತ್ತಿಯ ಕಡೆ ಹೋಗಿ, ಹೋಗಿ, ಹಿಂದೆ ಬರುತ್ತಿತ್ತು. ಡಾಕ್ಟರಮ್ಮ ಅದನ್ನು ತಮ್ಮನ ತಲೆಗಿಟ್ಟು ಸುತ್ತಲೂ ಬೆರಳು ತೂರಿಸಿ ನೋಡಿದರು. ಬೆರಳು ಎಲ್ಲೂ ನಿಲ್ಲಲಿಲ್ಲ.

“ಇದು ಸರಿ,” ಎಂದರು. “ಹೊರಗಡೆ ಎಡಕ್ಕೆ ಬರೀರಿ, ಬ್ಯಾಂಡೇಜಿನ ಮೇಲಿದೆಯಲ್ಲ, ಹಾಗೇ.”

ಹುಲ್ಲಕ್ಕ ಕಪ್ಪು ಬಣ್ಣ ತಂದು, ಬ್ಯಾಂಡೇಜನ್ನು ನೋಡಿ ನೋಡಿ, ಇದ್ದದ್ದನ್ನು ಇದ್ದ ಹಾಗೆ ಇಳಿಸಿದಳು.

ಮನೆಗೆ ಬಂದ ಎರಡನೆಯ ದಿನ, ಹೆಂಡತಿ ಶಾಲೆಯಲ್ಲಿದ್ದ ಹೊತ್ತು. ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಅವನನ್ನು ಕೂರಿಸಿ, ಟೊಪ್ಪಿ ಕೈಗೆ ಕೊಟ್ಟು, ನೀನೇ ನೋಡಪ್ಪ, ಬೇಡವೆಂದರೆ ಏಣಿ ಅನ್ನು, ಈ ಸಲ ತೆಗೆಯುತ್ತೇನೆ ಎಂದಳು. ಅವನು ಮಡಿಲಲ್ಲಿಟ್ಟುಕೊಂಡು ಎಡಗೈಯಿಂದ ಅದನ್ನು ತಿರುಗಿಸಿದ. ಬೆತ್ತ ಮುಟ್ಟಿದ, ಕ್ಯಾನ್ವಾಸು ಮೂಸಿದ. ಹುಲ್ಲಕ್ಕ ಅದನ್ನು ಇಸಕೊಂಡು, ಬ್ಯಾಂಡೇಜು ಬಿಚ್ಚಿದ್ದ ತಲೆಗೆ ಕೂರಿಸಿದಳು, ಲಾಡಿಯನ್ನು ಸಡಿಲವಾಗಿಯೇ ಕಟ್ಟಿದಳು, ಸುತ್ತಲೂ ಬೆರಳು ತೂರಿಸಿದಳು. ಮುಖವನ್ನು ಹಿಡಿದು ಅಲ್ಲಾಡಿಸಲಿಲ್ಲ.

ಅವನ ತುಟಿ ಆಡಿತು. ಗಂಟಲಿನಲ್ಲಿ ಏನೋ ಸಿಕ್ಕಿಕೊಂಡಂತೆ ಕತ್ತು ಮುಂದೆ ಬಂತು.

“ಒ... ಒತ್ತು.”

ಹುಲ್ಲಕ್ಕ ಒಂದೇ ಏಟಿಗೆ ಲಾಡಿ ಎಳೆದು ಟೊಪ್ಪಿ ತೆಗೆದಳು.

“ಎಲ್ಲಿ ಒತ್ತುತ್ತೆ? ಇಲ್ಲೇನಾ? ಇಲ್ಲೇನಾ? ತೋರಿಸೋ, ಎಲ್ಲಿ?”

ಅವಳ ಬೆರಳು ಅವನ ಹಣೆ, ಕಿವಿ, ಹಿಂದಲೆ ಎಲ್ಲ ಹುಡುಕಿತು. ಎಲ್ಲೂ ಗುರುತಿಲ್ಲ, ಚರ್ಮದ ಮೇಲೆ ಅಚ್ಚಿಲ್ಲ. ಅವನು ಅಸಹನೆಯಿಂದ ತಲೆಯನ್ನು ಹಿಂದಕ್ಕೆ ತೆಗೆದುಕೊಂಡ. ಎಡಗೈ ಚಾಚಿ, ಅವಳ ಕೈಯಲ್ಲಿದ್ದ ಟೊಪ್ಪಿಯನ್ನು ತನ್ನ ಕಡೆ ತಿರುಗಿಸಿ, ‘ಮೂಳೆ ಇಲ’ ಎಂಬುದರ ಕೊನೆಯ ಅಕ್ಷರದ ಕೆಳಗೆ, ಬಿಳಿಯಾಗಿ ಉಳಿದಿದ್ದ ಜಾಗವನ್ನು ಉಗುರಿನಿಂದ ಕುಟ್ಟಿದ. ಒಮ್ಮೆ. ಇನ್ನೊಮ್ಮೆ.

“ಒತ್ತು,” ಎಂದ. ಬಾಯಿಯ ಒಂದೇ ಬದಿ ಮೇಲೆದ್ದು, ಮುಖದ ಅರ್ಧದಲ್ಲಿ ಮಾತ್ರ ನಗು ಮೂಡಿತು.

ಹುಲ್ಲಕ್ಕ ಮೂಲೆಯಿಂದ ಕಪ್ಪು ಬಣ್ಣದ ಡಬ್ಬಿಯನ್ನೂ ಸಣ್ಣ ಬ್ರಷನ್ನೂ ತಂದು, ಟೊಪ್ಪಿಯನ್ನು ಎರಡೂ ಕೈಯಲ್ಲಿ ಅವನ ಮುಂದೆ ಹಿಡಿದಳು. ಅವನು ಬ್ರಷ್ ಹಿಡಿದದ್ದು ಎಡಗೈಯಲ್ಲಿ, ಅಭ್ಯಾಸವಿಲ್ಲದ ಕೈ. ಬ್ರಷ್ ಬಟ್ಟೆಗೆ ತಾಗುವ ಮೊದಲೇ ಎರಡು ಹನಿ ಅವನ ಅಂಗಿಯ ಮೇಲೆ ಬಿದ್ದವು, ಮೂಳೆಯನ್ನು ಇಟ್ಟು ಹೊಲಿದಿರುವ ಕಡೆಗೆ. ಅವನು ಉಸಿರು ಬಿಗಿಹಿಡಿದು ಎಳೆದ. ಒತ್ತು ಇರಬೇಕಾದದ್ದಕ್ಕಿಂತ ಎರಡು ಬೆರಳು ಕೆಳಗೆ, ಸೊಟ್ಟಗೆ, ಬಾಲ ಮುರಿದ ಹಲ್ಲಿಯಂತೆ ಬಂತು. ಹಿಂದಕ್ಕೆ ಒರಗಿ ಅದನ್ನು ನೋಡಿ ಮುಖ ಸಿಂಡರಿಸಿದ.

“ಚೆನ್ನಾಗಿದೆ ಕಣೋ,” ಎಂದಳು ಹುಲ್ಲಕ್ಕ.

“ಏಣಿ,” ಎಂದ ಅವನು.

ಈ ರಾಗ ಯಾವುದಕ್ಕೆಂದು ಅವಳು ನಿಂತು ಯೋಚಿಸಿದಳು. ಬೇಡ ಎಂದೇ, ನೋವು ಎಂದೇ, ಸುಳ್ಳು ಹೇಳಬೇಡ ಎಂದೇ? ತಿಳಿಯಲಿಲ್ಲ. ಬಗ್ಗಿ, ಕಿವಿಯನ್ನು ಅವನ ಬಾಯಿಯ ಹತ್ತಿರ ತಂದು, ಇನ್ನೊಂದು ಸಲ ಹೇಳು ಎಂದಳು.